ಒಂಬತ್ತನೇ ಮೆಟ್ಟಿಲಿಂದ ಇಡೀ ಕೇರಿಯನ್ನು ಕೆಳಗಿಳಿಸಿದ್ದು

ಅರ್ಜಿ ತುಂಬುವುದರಲ್ಲಿ ನನ್ನನ್ನು ಮೀರಿಸುವವರು ಬೈಂದೂರಿನಿಂದ ಈಚೆ ಯಾರೂ ಇಲ್ಲ. ಇದು ಜಂಬವಲ್ಲ, ಬರೀ ಮಾಹಿತಿ. ಮೀನುಗಾರರ ಸೊಸೈಟಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಕಡಲ ಬದಿಯ ನಮ್ಮ ಕೇರಿಗೆ ರೇಷನ್ ಕಾರ್ಡಿನಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಯಾವ ಕಾಗದ ಬಂದರೂ ಅದು ಮೊದಲು ಏರುವುದು ನನ್ನ ಜಗಲಿಯನ್ನೇ. ನನ್ನ ಹೆಸರು ಕೇರಿಯ ಅರ್ಧ ಜನಕ್ಕೆ ಗೊತ್ತಿಲ್ಲ, ಎಲ್ಲರಿಗೂ ನಾನು ‘ಗುಮಾಸ್ತ್ರು’. ತಂದೆಯ ಹೆಸರು ಬರೆಯುವಲ್ಲಿ ಗಂಡನ ಹೆಸರು ಬರೆದವರು, ಸಹಿ ಹಾಕುವಲ್ಲಿ ಊರಿನ ಹೆಸರು ಬರೆದವರು, ಇಂಥವರನ್ನೆಲ್ಲ ನಾನು ಕೈಹಿಡಿದು ದಡ ಮುಟ್ಟಿಸಿದ್ದೇನೆ. ಅಂಥ ನನ್ನನ್ನು ಒಂದು ಪ್ರಶ್ನೆ, ಒಂದೇ ಒಂದು ಪ್ರಶ್ನೆ, ಅಂಗಾತ ಮಲಗಿಸಿತು!

ಹೋದ ವರ್ಷದ ಮಳೆಗಾಲ. ದೋಣಿಗಳನ್ನೆಲ್ಲ ಮೇಲಕ್ಕೆಳೆದು, ಗಂಡಸರು ಬಲೆ ಹೊಲಿಯುತ್ತ ಮನೆಯಲ್ಲೇ ಇರುವ ಸಮಯ. ಒಂದು ಬೆಳಿಗ್ಗೆ ಕೊಡೆ ಮಡಚುತ್ತ ಒಬ್ಬ ಹುಡುಗಿ ನಮ್ಮ ಜಗಲಿ ಹತ್ತಿದಳು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಟ್ಯಾಬ್. ಹೆಸರು ಅಶ್ವಿನಿ, ಊರು ಕೊಕ್ಕರ್ಣೆ. ಅಲ್ಲಿಂದ ಬ್ರಹ್ಮಾವರ, ಬ್ರಹ್ಮಾವರದಿಂದ ಕುಂದಾಪುರ, ಕುಂದಾಪುರದಿಂದ ಇಲ್ಲಿಗೆ, ಹೀಗೆ ಮೂರು ಬಸ್ಸು ಬದಲಿಸಿ ಬಂದಿದ್ದಳು. ಯಾವುದೋ ದೊಡ್ಡ ಊರಿನ ಸಂಶೋಧನಾ ಸಂಸ್ಥೆಯವರು ಜನರ ಕೆಲಸ, ಮನೆ, ನೆಮ್ಮದಿ ಇವುಗಳ ಬಗ್ಗೆ ಒಂದು ಸಮೀಕ್ಷೆ ಮಾಡುತ್ತಾರಂತೆ. ಅದರ ವಿಶೇಷವೆಂದರೆ ಪ್ರತಿ ವರ್ಷ ಅದೇ ಮನೆಗೆ ಬಂದು, ಅದೇ ಜನರಿಗೆ, ಅದೇ ಪ್ರಶ್ನೆ ಕೇಳುವುದು. ಹಾಗೆ ಕೇಳಿದರೆ ಬದುಕು ವರ್ಷದಿಂದ ವರ್ಷಕ್ಕೆ ಮೇಲೇರಿತೋ ಕೆಳಗಿಳಿಯಿತೋ ಎಂದು ತಿಳಿಯುತ್ತದಂತೆ. ನಮ್ಮ ಕೇರಿಯಲ್ಲಿ ಚೀಟಿ ಎತ್ತಿ ಹನ್ನೊಂದು ಮನೆಗಳನ್ನು ಆರಿಸಿದ್ದರು. ಅದರಲ್ಲಿ ನಮ್ಮದೂ ಒಂದು. ಇಡೀ ದೇಶದಲ್ಲಿ ನನ್ನನ್ನು ಹುಡುಕಿಕೊಂಡು ಬಂದಿದ್ದಾರೆ ಎಂದು ನನಗನ್ನಿಸಿದರೆ ತಪ್ಪೇನು?

ಚಹಾ ಕುಡಿಯುತ್ತ ಅವಳ ಕಥೆಯೂ ತಿಳಿಯಿತು. ಬಿ.ಎ. ಮುಗಿಸಿ ಗೇರುಬೀಜದ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಮನೆಯಲ್ಲಿ ಅವಳು, ಅಮ್ಮ ಇಬ್ಬರೇ. ಕುಳಿತು ಓದಿದ್ದಕ್ಕೆ ಸರಿಯಾದ ಕೆಲಸ ಅಂತ ಸಿಕ್ಕಿದ್ದು ಇದೇ ಮೊದಲು. ಎರಡು ವರ್ಷದ ಎರಡು ಸುತ್ತು ಸರಿಯಾಗಿ ಮುಗಿಸಿಕೊಟ್ಟರೆ ಕೆಲಸ ಖಾಯಂ ಮಾಡುತ್ತೇವೆ ಎಂದಿದ್ದರಂತೆ. ನಾನು ಗಂಭೀರವಾಗಿ, ‘ನಿನ್ನ ಪುಣ್ಯ, ನಮ್ಮ ಕೇರಿಗೆ ಬಂದೆ’ ಎಂದು ಅಭಯ ನೀಡಿದೆ.

ಪ್ರಶ್ನೆಗಳು ಶುರುವಾದವು. ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ, ಫ್ರಿಡ್ಜ್ ಉಂಟೋ ಇಲ್ಲವೋ. ಹೋದ ವಾರ ನೀವು ಎಷ್ಟು ಗಂಟೆ ಕೆಲಸ ಮಾಡಿದಿರಿ? ಪೇಪರ್ ಓದುವುದನ್ನು ಸೇರಿಸಿ ದಿನಕ್ಕೆ ಐದು ಗಂಟೆ ಎಂದೆ. ಅವಳ ಪಟ್ಟಿಯಲ್ಲಿ ಪೇಪರ್ ಓದುವುದು ಕೆಲಸವಾಗಿರಲಿಲ್ಲ. ಸೊನ್ನೆ ಬರೆದಳು. ನಿಮ್ಮ ಹೆಂಡತಿ? ನನ್ನ ಹೆಂಡತಿ ಗಿರಿಜ ಬೈಂದೂರು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ, ಮಳೆಗಾಲದಲ್ಲಿ ಒಣಮೀನು. ಅವಳು ಆಗ ಅಲ್ಲಿಗೇ ಹೋಗಿದ್ದಳು. ಹೇಗೂ ಕೂತು ಮಾಡುವ ವ್ಯಾಪಾರವಲ್ಲವೇ, ದಿನಕ್ಕೆ ಎರಡು ಗಂಟೆ ಎಂದು ನಾನೇ ತೀರ್ಮಾನ ಮಾಡಿ ಬರೆಸಿದೆ.

ಕೊನೆಗೆ ಬಂತು ಆ ಪ್ರಶ್ನೆ. ಟ್ಯಾಬಿನಲ್ಲಿ ಒಂದು ಏಣಿಯ ಚಿತ್ರ. ಹತ್ತು ಮೆಟ್ಟಿಲು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಎಂದರೆ ತೀರಾ ಒಳ್ಳೆಯ ಬದುಕು, ಕೆಳಗಿನದು ತೀರಾ ಕೆಟ್ಟ ಬದುಕು. ನೀವೀಗ ಎಷ್ಟನೇ ಮೆಟ್ಟಿಲಲ್ಲಿದ್ದೀರಿ?

ಆಗಷ್ಟೇ ಆರು ಉದ್ದಿನ ಕಡುಬು ಹೊಟ್ಟೆಗೆ ಹೋಗಿತ್ತು. ಸಾಲ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಮಗಳು ಕುಂದಾಪುರದಲ್ಲಿ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ. ಹತ್ತು ಎಂದೇ ಬಾಯಿಗೆ ಬಂದಿತ್ತು. ವಿನಯಕ್ಕೆಂದು ಒಂದು ಕಳೆದು, ಒಂಬತ್ತು ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಹುಟ್ಟುತ್ತಿರಲಿಲ್ಲ. ಮಾರ್ಗದರ್ಶನಕ್ಕೆಂದು ಉಳಿದ ಹತ್ತು ಮನೆಗಳಿಗೂ ಅವಳ ಜೊತೆ ಹೋದೆ. ಅಲ್ಲಿ ಒಂದು ತೊಡಕು ಎದುರಾಯಿತು. ಏಣಿ ತೋರಿಸಿ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ‘ಅಡ್ಡಿಲ್ಲೆ.’ ನಮ್ಮಲ್ಲಿ ಹೇಗಿದ್ದೀರಿ ಎಂದು ಯಾರು ಕೇಳಿದರೂ ಹೇಳುವುದು ಅದನ್ನೇ. ಮೊಮ್ಮಗು ಹುಟ್ಟಿದರೂ ಅಡ್ಡಿಲ್ಲೆ, ಆಸ್ಪತ್ರೆಯಿಂದ ಮನೆಗೆ ಬಂದರೂ ಅಡ್ಡಿಲ್ಲೆ. ಟ್ಯಾಬಿನ ಏಣಿಯಲ್ಲಿ ಅಡ್ಡಿಲ್ಲೆಗೆ ಮೆಟ್ಟಿಲೇ ಇರಲಿಲ್ಲ! ಹುಡುಗಿ ಒಂದು ಸಂಖ್ಯೆ ಹೇಳಿ ಎಂದು ಬೇಡುತ್ತಿದ್ದಳು. ನಾನು ಹಿಂದೆ ನಿಂತು, ಹೊರಗಿನವರ ಮುಂದೆ ಕೇರಿಯ ಮರ್ಯಾದೆ ಹೋಗಬಾರದು, ಎಂಟೋ ಒಂಬತ್ತೋ ಹೇಳಿ ಎಂದು ಕಣ್ಣಲ್ಲೇ ಹೇಳಿಕೊಟ್ಟೆ. ದೋಣಿಯ ನಾರಾಯಣ ಎಂಟು ಎಂದ. ಪದ್ದಕ್ಕ ಎಂಬ ಎಂಬತ್ತು ವರ್ಷದ ಮುದುಕಿ ಒಂಬತ್ತು ಎಂದಳು. ಹನ್ನೊಂದು ಮನೆಯಲ್ಲಿ ಒಂದೂ ಏಳಕ್ಕಿಂತ ಕೆಳಗೆ ಇಳಿಯಲಿಲ್ಲ. ನಮ್ಮ ಕೇರಿ ಸ್ವರ್ಗಕ್ಕೆ ಎರಡೇ ಮೆಟ್ಟಿಲು ಬಾಕಿ ಇರುವ ಜಾಗ ಎಂದು ದಾಖಲಾಯಿತು.

ಮರುದಿನವೇ ನಮ್ಮ ಮಿಕ್ಸಿಯಿಂದ ಹೊಗೆ ಬಂತು. ಮೂರನೇ ದಿನ ತೆಂಗಿನಕಾಯಿ ಬಿದ್ದು ಬಚ್ಚಲಿನ ಹಂಚಿನ ಮಾಡು ತೂತಾಯಿತು. ಐದನೇ ದಿನ ನಾನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡೆ. ಅದೇ ವಾರ ನಾರಾಯಣನ ಹೊಸ ಮೊಬೈಲು ಹೊಳೆಗೆ ಬಿತ್ತು, ಪದ್ದಕ್ಕನ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಮಳೆಗಾಲದಲ್ಲಿ ಪಾಚಿ ಕಟ್ಟುವುದು, ಕಾಯಿ ಬೀಳುವುದು ಸಹಜ ಎಂದು ನೀವು ಹೇಳಬಹುದು. ಉಳುಕಿದ ಕಾಲು ನಿಮ್ಮದಲ್ಲವಲ್ಲ!

ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಗಿರಿಜ ಸಮೀಕ್ಷೆಯ ವಿಚಾರ ಕೇಳಿದಳು. ನಾನು ಏಣಿಯ ಪ್ರಶ್ನೆ ಹೇಳಿದೆ.

“ಎಷ್ಟ್ ಹೇಳ್ದ್ರಿ?”

“ಒಂಬತ್ತ್.”

ತಿಕ್ಕುತ್ತಿದ್ದ ಕೈ ನಿಂತಿತು. “ಬಾಯ್ ಬಿಟ್ಟ್ ಹೇಳ್ದ್ರಿಯಾ? ನಾ ಮಾರ್ಕೆಟ್ಟಲ್ಲಿ ಬುಟ್ಟಿ ಪೂರಾ ಖಾಲಿಯಾದ್ರೂ, ಎಂತ ಯಾಪಾರ ಇಲ್ಲೆ ಅಂದೇ ಮನಿಗ್ ಬಪ್ದ್. ನೀವ್ ಗುರ್ತ ಇಲ್ದಿದ್ದ್ ಹೆಣ್ಣಿನ್ ಕರ್ದ್ ಕೂರ್ಸಿ ಒಂಬತ್ತ್ ಅಂದ್ರಿಯಲೆ!”

ಹೌದು, ಇದು ನಮ್ಮ ಕಡಲ ಬದಿಯ ಮೊದಲ ಪಾಠ. ಬಲೆ ತುಂಬಿ ಬಂದವನು ‘ಎಂತ ಇಲ್ಲೆ’ ಎನ್ನಬೇಕು. ದುಂಡಗಿರುವ ಮಗುವನ್ನು ಕಂಡರೆ ‘ಸೊರಗಿದೆ’ ಎನ್ನಬೇಕು. ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ಅದಕ್ಕೆ ದೃಷ್ಟಿಯಾಗುತ್ತದೆ. ಮೂವತ್ತೆರಡು ವರ್ಷ ಕಾಗದ ಪತ್ರದ ಮಧ್ಯೆ ಕುಳಿತು ನಾನು ಅದನ್ನು ಮರೆತಿದ್ದೆ. ಗಿರಿಜ ಉಪ್ಪು, ಮೆಣಸು ತಂದು ನನ್ನ ತಲೆಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಕೆಮ್ಮು ಬಂದರೆ ದೃಷ್ಟಿ ಇಲ್ಲ ಎಂದು ಲೆಕ್ಕ. ನನಗೆ ಕೆಮ್ಮು ಬರಲಿಲ್ಲ. ಆದದ್ದು ನನ್ನಿಂದಲೇ ಎಂದು ಕೇರಿಯವರು ಮಾತಾಡಿಕೊಳ್ಳುವುದು ನನ್ನ ಕಿವಿಗೂ ಬಿತ್ತು.

ಹಾಗಾಗಿ ಈ ವರ್ಷ ಸಮೀಕ್ಷೆಯವಳು ಬರುವ ವಾರ ನಾರಾಯಣನ ಬಲೆಯ ಕೊಟ್ಟಿಗೆಯಲ್ಲಿ ನಾನು ತುರ್ತು ಸಭೆ ಕರೆದೆ. ಹೋದ ಮರ್ಯಾದೆಯನ್ನು ವಾಪಸು ತರಬೇಕಿತ್ತು. ಏಣಿ ತೋರಿಸಿದಾಗ ಹನ್ನೊಂದು ಮನೆಯವರೂ ‘ಒಂದು’ ಎಂದೇ ಹೇಳತಕ್ಕದ್ದು ಎಂಬ ಠರಾವನ್ನು ಮಂಡಿಸಿದೆ. ಸೊನ್ನೆ ಎಂದರೆ ಇನ್ನೂ ಭದ್ರವಲ್ಲವೇ ಎಂದು ನಾರಾಯಣ ಕೇಳಿದ. ಏಣಿಯಲ್ಲಿ ಸೊನ್ನೆ ಇಲ್ಲ ಎಂದು ವಿವರಿಸಿದೆ. ಮೊಮ್ಮಗಳಿಗೆ ನೌಕರಿ ಸಿಕ್ಕಿದೆ, ತಾನು ಎರಡು ಎನ್ನಬಹುದೇ ಎಂದು ಪದ್ದಕ್ಕ ಕೇಳಿದಳು. ಒಗ್ಗಟ್ಟು ಮುರಿಯುತ್ತದೆ ಎಂದು ಅದನ್ನು ತಳ್ಳಿಹಾಕಿದೆ. ಠರಾವು ಸರ್ವಾನುಮತದಿಂದ ಪಾಸಾಯಿತು.

ಅಶ್ವಿನಿ ಬಂದಳು. ನಾನು ಒಂದು ಎಂದಾಗ ಅವಳು ಟ್ಯಾಬ್ ನೋಡಿ, ನನ್ನ ಮುಖ ನೋಡಿ, ಹೋದ ವರ್ಷ ಒಂಬತ್ತು ಎಂದಿದ್ದಿರಲ್ಲ ಎಂದಳು. ನಾನು ದೀರ್ಘವಾಗಿ ಉಸಿರು ಬಿಟ್ಟು ಮನೆಯ ಮಾಡಿನ ಕಡೆ ನೋಡಿದೆ. ಪದ್ದಕ್ಕ ತನ್ನ ಹೊಸ ಫ್ರಿಡ್ಜಿನಿಂದ ತಣ್ಣನೆಯ ಮಜ್ಜಿಗೆ ತೆಗೆದುಕೊಟ್ಟು, ಮೊಮ್ಮಗಳ ನೌಕರಿಯ ಸಿಹಿ ಕೈಗಿಟ್ಟು, ‘ಒಂದ್ ಬರಿ ಮಗಾ’ ಎಂದಳು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ವಾದ ಮಾಡಬಾರದು ಎಂಬುದು ಅಶ್ವಿನಿಯ ಕೆಲಸದ ನಿಯಮ. ಹನ್ನೊಂದು ಮನೆಗೂ ಒಂದೊಂದೇ ಬರೆದುಕೊಂಡು, ಕೊಡೆ ಬಿಡಿಸಿ, ತಿರುಗಿ ತಿರುಗಿ ನೋಡುತ್ತ ಹೋದಳು.

ಆಮೇಲೆ ಒಂದು ತಿಂಗಳು ಮಿಕ್ಸಿ ಕೆಡಲಿಲ್ಲ, ಕಾಯಿ ಬೀಳಲಿಲ್ಲ, ಯಾರೂ ಜಾರಲಿಲ್ಲ. ನನ್ನ ವಿಧಾನ ಯಶಸ್ವಿಯಾಯಿತೆಂದು ನಾನು ಎದೆಯುಬ್ಬಿಸಿ ನಡೆಯುತ್ತಿದ್ದೆ.

ಜುಲೈ ಕೊನೆಯ ಒಂದು ಸೋಮವಾರ ಅಶ್ವಿನಿ ಕರೆಯದೆ ಬಂದಳು. ಕೈಯಲ್ಲಿ ಟ್ಯಾಬ್ ಇರಲಿಲ್ಲ. ಕೊಟ್ಟ ಚಹಾ ಮುಟ್ಟಲಿಲ್ಲ. ಅವಳ ಆಫೀಸಿನ ಕಂಪ್ಯೂಟರು ನಮ್ಮ ಕೇರಿಯನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತಿದೆಯಂತೆ. ಹನ್ನೊಂದಕ್ಕೆ ಹನ್ನೊಂದು ಮನೆ ಒಂದೇ ವರ್ಷದಲ್ಲಿ ಏಳು, ಎಂಟು, ಒಂಬತ್ತರಿಂದ ಒಂದಕ್ಕೆ ಬಿದ್ದಿವೆ. ಇಂಥದ್ದು ಆಗಬೇಕಾದರೆ ಊರಿಗೆ ಏನೋ ಮಹಾ ದುರಂತ ಬಡಿದಿರಬೇಕು. ಪೇಪರಿನಲ್ಲಿ ಅಂಥ ಸುದ್ದಿ ಏನೂ ಇಲ್ಲ. ಹಾಗಾದರೆ ಈ ಹುಡುಗಿ ಮೂರು ಬಸ್ಸು ಹತ್ತುವ ಬದಲು ಮನೆಯಲ್ಲೇ ಕುಳಿತು ಒಂದು, ಒಂದು ಎಂದು ಗೀಚಿದ್ದಾಳೆ ಎಂದು ಆಫೀಸಿನವರ ಅನುಮಾನ! ಗುರುವಾರ ಮೇಲಿನ ಮೇಡಂ ಖುದ್ದಾಗಿ ಪರಿಶೀಲನೆಗೆ ಬರುತ್ತಾರೆ. ಲೆಕ್ಕ ಸುಳ್ಳೆಂದಾದರೆ ಕೆಲಸ ಖಾಯಂ ಆಗುವುದಿರಲಿ, ಅಂದೇ ಮನೆಗೆ.

“ಮಾವ, ನೀವ್ ನನ್ ಪರವಾಗಿ ಸುಳ್ ಹೇಳುದ್ ಬ್ಯಾಡ,” ಎಂದಳು. “ಇದ್ದದ್ದ್ ಇದ್ದಾಂಗೆ ಹೇಳಿ, ಸಾಕ್.”

ಹೋದ ವರ್ಷ ‘ಸರ್’ ಎಂದಿದ್ದವಳು ಈಗ ಮಾವ ಎಂದಿದ್ದಳು. ಪ್ರಾಮಾಣಿಕವಾಗಿ ಕೆಲಸ ಮಾಡಿದ ಹುಡುಗಿಯ ಅನ್ನಕ್ಕೆ ನಾನು ಕಲ್ಲು ಹಾಕಿದ್ದೆ. ನಾನಿದ್ದೇನೆ, ಹೆದರಬೇಡ ಎಂದು ಎದೆ ತಟ್ಟಿ ಕಳಿಸಿಕೊಟ್ಟೆ.

ಕೇರಿಯೆಲ್ಲ ತಿರುಗಿದೆ. ಹುಡುಗಿಯ ಕಷ್ಟ ಕೇಳಿ ಎಲ್ಲರೂ ಮರುಗಿದರು. ಪದ್ದಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆದರೆ ಗುರುವಾರ ನಿಜವಾದ ಸಂಖ್ಯೆ ಹೇಳಿ ಎಂದರೆ ಒಬ್ಬರೂ ತಯಾರಿಲ್ಲ! ಆಗಸ್ಟಿನಲ್ಲಿ ದೋಣಿ ಇಳಿಸಬೇಕು, ಈ ಹೊತ್ತಿಗೆ ಎಂಟು ಎಂದು ಬಾಯಿಬಿಟ್ಟರೆ ಬಲೆಗೆ ಬರೀ ಕಸ ಬೀಳುತ್ತದೆ ಎಂದ ನಾರಾಯಣ. ಮೊಮ್ಮಗಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಲಿ, ಆಮೇಲೆ ಬೇಕಾದರೆ ಹತ್ತು ಎನ್ನುತ್ತೇನೆ ಎಂದಳು ಪದ್ದಕ್ಕ. ಹೋದ ವರ್ಷ ನಿಮ್ಮ ಮಾತು ಕೇಳಿ ಆದದ್ದು ಸಾಲದೇ ಎಂದು ಉಳಿದವರು ನನ್ನ ಕಾಲಿನ ಕಡೆ ನೋಡಿದರು.

ಅಂದು ಮಧ್ಯಾಹ್ನ ಊಟ ಮಾಡುತ್ತಿರುವಾಗ ನನಗೆ ಜ್ಞಾನೋದಯವಾಯಿತು. ಜನರ ಮಾತನ್ನು ಬದಲಿಸಲು ಆಗುವುದಿಲ್ಲ. ಸರಿ, ಕೇರಿಯನ್ನೇ ಬದಲಿಸಿದರೆ? ಮೇಡಂ ಬಂದಾಗ ಕೇರಿ ನಿಜಕ್ಕೂ ಒಂದನೇ ಮೆಟ್ಟಿಲಲ್ಲಿದ್ದ ಹಾಗೆ ಕಂಡರೆ ಹುಡುಗಿ ಬರೆದದ್ದು ನಿಜವೇ ಆಯಿತಲ್ಲ! ದೃಷ್ಟಿಯೂ ಬೀಳುವುದಿಲ್ಲ, ಹುಡುಗಿಯೂ ಉಳಿಯುತ್ತಾಳೆ. ಇದ್ದದ್ದು ಇದ್ದ ಹಾಗೆ ಹೇಳಿ ಎಂದು ಅವಳು ಬೇಡಿಕೊಂಡದ್ದು ನೆನಪಿರಲಿಲ್ಲವೇ ಎಂದು ಕೇಳಬೇಡಿ. ಜ್ಞಾನೋದಯವಾದವರಿಗೆ ಸಣ್ಣಪುಟ್ಟದ್ದು ನೆನಪಿರುವುದಿಲ್ಲ. ಗಿರಿಜಳಿಗೆ ಮಾತ್ರ ಹೇಳಲಿಲ್ಲ. ಅಷ್ಟು ಬುದ್ಧಿ ಇತ್ತು.

ಈ ಯೋಜನೆಗೆ ಕೇರಿಯವರು ತಕ್ಷಣ ಒಪ್ಪಿದರು. ಕಷ್ಟ ಹೇಳಿಕೊಳ್ಳುವುದರಲ್ಲಿ ನಮಗೆ ತರಬೇತಿ ಬೇಕಾಗಿಲ್ಲ. ಗುರುವಾರ ಬೆಳಿಗ್ಗೆ ಗಿರಿಜ ಮಾರ್ಕೆಟ್ಟಿಗೆ ಹೋದದ್ದೇ ಕಾರ್ಯಾಚರಣೆ ಆರಂಭವಾಯಿತು. ಪದ್ದಕ್ಕನ ಫ್ರಿಡ್ಜಿಗೆ ಗೋಣಿಚೀಲ ಹೊದಿಸಿ ಅದರ ಮೇಲೆ ಸೌದೆ ಪೇರಿಸಿದೆವು. ನಾರಾಯಣನ ಬೈಕು ತೆಂಗಿನ ಗರಿಗಳ ಅಡಿಗೆ ಹೋಯಿತು. ಟೀವಿಗಳ ಮೇಲೆ ಹಳೆ ಸೀರೆ ಬಿದ್ದವು. ಗಿರಿಜ ನೆಲ ಒರೆಸಲು ಇಟ್ಟಿದ್ದ ನನ್ನ ಹಳೆಯ ಬನಿಯನ್ ಹುಡುಕಿ ಹಾಕಿಕೊಂಡು, ಎರಡು ದಿನದ ಗಡ್ಡದೊಂದಿಗೆ ಜಗಲಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತೆ.

ಹನ್ನೊಂದು ಗಂಟೆಗೆ ಕಾರು ಬಂತು. ಮೇಡಂ ಐವತ್ತರ ಆಸುಪಾಸಿನವರು, ಅರ್ಥಶಾಸ್ತ್ರ ಓದಿದವರು, ಮೆದು ಮಾತು. ಹಿಂದೆ ಅಶ್ವಿನಿ. ನನ್ನ ಬನಿಯನ್ ನೋಡಿದ್ದೇ ಅವಳ ಮುಖ ಬಿಳಿಚಿತು. ಈ ವರ್ಷ ಇಲ್ಲಿ ಏನಾಯಿತು ಎಂದು ಮೇಡಂ ಕೇಳಿದರು. ಕಡಲು ಕೊರೆದು ನೆಲವೆಲ್ಲ ಹೋಯಿತು ಎಂದು ನಾನು ಕುಗ್ಗಿದ ದನಿಯಲ್ಲಿ ಹೇಳಿದೆ. ಅವರು ಕಡಲಿನ ಕಡೆ ನೋಡಿದರು. ಅದು ಮೊದಲಿನ ಹಾಗೆ ಅರ್ಧ ಮೈಲಿ ದೂರದಲ್ಲಿ ತನ್ನ ಪಾಡಿಗೆ ಮೊರೆಯುತ್ತಿತ್ತು.

ದುರಂತವನ್ನು ಆರಿಸುವಾಗ ಎಲ್ಲರೂ ಒಂದೇ ದುರಂತ ಹೇಳಬೇಕೆಂದು ಮಾತಾಡಿಕೊಳ್ಳಲು ನಾವು ಮರೆತಿದ್ದೆವು! ನಾರಾಯಣ ಮೀನಿನ ಸಂತತಿಯೇ ಅಳಿಯಿತು ಎಂದ. ಪದ್ದಕ್ಕ ಏನೋ ಜ್ವರ ಬಂದು ಊರಿಗೆ ಊರೇ ಮಲಗಿತ್ತು ಎಂದಳು. ಮೇಡಂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ಅದನ್ನಾದರೂ ಹೇಗೋ ನಿಭಾಯಿಸಬಹುದಿತ್ತು. ನಮ್ಮನ್ನು ಮುಳುಗಿಸಿದ್ದು ಬೇರೆ. ದೊಡ್ಡ ಊರಿನಿಂದ ಒಬ್ಬ ಹೆಂಗಸು ಮನೆಗೆ ಬರುತ್ತಾರೆಂದರೆ ಖಾಲಿ ಹೊಟ್ಟೆಯಲ್ಲಿ ಕಳಿಸುವ ಅಭ್ಯಾಸ ನಮ್ಮ ಕೇರಿಯಲ್ಲಿ ಯಾರಿಗೂ ಇಲ್ಲ. ಬಡವರ ಹಾಗೆ ಕಾಣಿಸಿಕೊಳ್ಳಿ ಎಂದು ನಾನು ಹೇಳಿದ್ದೆ, ಅಡುಗೆ ಮಾಡಬೇಡಿ ಎಂದು ಹೇಳಿರಲಿಲ್ಲ. ಮೊದಲ ಮನೆಯಲ್ಲಿ ನೀರುದೋಸೆ, ಕೋಳಿ ಸಾರು. ಎರಡನೇ ಮನೆಯಲ್ಲಿ ಕಡುಬಿಗೆ ಶೆಟ್ಲಿ ಸುಕ್ಕ, ಅಂದರೆ ಸಿಗಡಿ. ನಾರಾಯಣನ ಮನೆಯಲ್ಲಿ, ಮೀನಿನ ಸಂತತಿಯೇ ಅಳಿದ ಆ ಮನೆಯಲ್ಲಿ, ಹೊಳೆಯಿಂದ ಆಗಷ್ಟೇ ಹಿಡಿದು ತಂದ ಕಾಣೆ ಮೀನು ಹುರಿದು ಎರಡೆರಡು ಬಡಿಸಿದರು. ಬೇಡವೆಂದರೆ ಕೇಳಬೇಕಲ್ಲ! ಜ್ವರದಿಂದ ಮಲಗಿದ್ದ ಪದ್ದಕ್ಕ ಎದ್ದು ಬಂದು ಪಾಯಸ ತಂದಿಟ್ಟು, ಸೌದೆ ರಾಶಿಯ ಅಡಿಗೆ ಕೈ ಹಾಕಿ, ಐಸ್‌ಕ್ರೀಂ ಡಬ್ಬಿ ಹೊರಗೆಳೆದಳು.

ಕೈ ತೊಳೆದು ನಮ್ಮ ಅಂಗಳಕ್ಕೆ ಬಂದ ಮೇಡಂ ಕುರ್ಚಿಯಲ್ಲಿ ಕಷ್ಟಪಟ್ಟು ಕುಳಿತರು. ಹಿಂದೆಯೇ ಇಡೀ ಕೇರಿ ಬಂತು.

“ಇಪ್ಪತ್ತು ವರ್ಷದಿಂದ ಮನೆ ಮನೆ ತಿರುಗುತ್ತಿದ್ದೇನೆ,” ಎಂದರು ಮೇಡಂ. “ಇಷ್ಟು ರುಚಿಯಾದ ಬಡತನ ಎಲ್ಲೂ ಉಂಡಿರಲಿಲ್ಲ.”

ಯಾರೂ ನಗಲಿಲ್ಲ. ಅವರೂ ನಗಲಿಲ್ಲ. ಅಶ್ವಿನಿಯ ಕಡೆ ತಿರುಗಿ, ಇದನ್ನೆಲ್ಲ ಕಣ್ಣಾರೆ ನೋಡಿಯೂ ಪ್ರತಿ ಮನೆಗೆ ಒಂದು ಎಂದು ಹೇಗೆ ಬರೆದೆ ಎಂದು ಕೇಳಿದರು. ಅವರು ಹೇಳಿದ್ದನ್ನೇ ಬರೆದೆ ಎಂದಳು ಹುಡುಗಿ. ನಮ್ಮ ಮೇಲೆ ಒಂದು ದೂರೂ ಹೇಳಲಿಲ್ಲ. ಮೇಡಂ ಟ್ಯಾಬ್ ಮುಚ್ಚಿ, ಹಾಗಾದರೆ ಈ ಊರಿನ ಮಾಹಿತಿ ನಂಬುವಂಥದ್ದಲ್ಲ ಎಂದು ಬರೆಯದೆ ತನಗೆ ಬೇರೆ ದಾರಿ ಇಲ್ಲ ಎಂದರು. ಹಾಗೆ ಬರೆದರೆ ಆಗುವುದೇನು ಎಂದು ನನಗೆ ಗೊತ್ತಿತ್ತು. ಅಶ್ವಿನಿ ಕುತ್ತಿಗೆಯ ಗುರುತಿನ ಚೀಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು. ನಿಜ ಹೇಳಲು ಬಾಯಿ ತೆರೆದರೆ ಬಚ್ಚಲಿನ ಮಾಡು, ಬಾವಿಕಟ್ಟೆ, ಉಳುಕಿದ ಕಾಲು ಎಲ್ಲ ಕಣ್ಣ ಮುಂದೆ ಬಂದವು.

ಆಗಲೇ ಗಿರಿಜ ಮಾರ್ಕೆಟ್ಟಿನಿಂದ ಬಂದಳು. ಬುಟ್ಟಿ ಇಳಿಸಿ, ಕಾರು ನೋಡಿ, ಹುಡುಗಿಯ ಮುಖ ನೋಡಿ, ಕೊನೆಗೆ ನನ್ನ ಬನಿಯನ್ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

“ಹ್ವಾಯ್,” ಎಂದಳು ಮೆಲ್ಲಗೆ. “ಆ ಹೆಣ್ಣಿನ್ ಹೊಟ್ಟಿ ಮೇಲ್ ಹೊಡ್ದ್ ನಮ್ಗೆ ಒಳ್ಳೇದ್ ಆತ್ತಾ? ಇದ್ದದ್ದ್ ಹೇಳಿ.”

ನಾನು ಎದ್ದು ನಿಂತೆ. ದೇವರೇ ಗತಿ ಎಂದುಕೊಂಡೆ. ಮೇಡಂ, ಈ ಹುಡುಗಿಯದು ಏನೂ ತಪ್ಪಿಲ್ಲ, ಹೋದ ವರ್ಷ ಎಂಟು, ಒಂಬತ್ತು ಹೇಳಿಸಿದವನೂ ನಾನೇ, ಈ ವರ್ಷ ಸಭೆ ಕರೆದು ಒಂದು ಹೇಳಿಸಿದವನೂ ನಾನೇ, ಫ್ರಿಡ್ಜಿಗೆ ಗೋಣಿ ಹೊದಿಸಿದವನೂ ನಾನೇ ಎಂದೆ. ಯಾಕೆ ಎಂದು ಅವರು ಕೇಳಿದರು. ಸುಖವಾಗಿದ್ದೇವೆ ಎಂದು ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆ, ಅದಕ್ಕೆ ಎಂದೆ.

“ಹಾಗಾದರೆ ನಿಮ್ಮ ನಿಜವಾದ ಮೆಟ್ಟಿಲು ಯಾವುದು?”

“ಒಂಬತ್ತ್,” ಎಂದೆ. ನನ್ನ ಪಕ್ಕದಲ್ಲಿದ್ದ ನಾರಾಯಣ ಎರಡು ಹೆಜ್ಜೆ ದೂರ ಸರಿದ. ಬೀಳುವ ತೆಂಗಿನಕಾಯಿ ಅವನ ತಲೆಗೆ ಬೀಳಬಾರದಲ್ಲ!

ಗಿರಿಜ ಒಳಗೆ ಹೋಗಿ ಉಪ್ಪಿನ ಭರಣಿ ತಂದು ಪದ್ದಕ್ಕನ ಮುಂದೆ ಹಿಡಿದಳು. ಪದ್ದಕ್ಕ ಒಂದು ಹಿಡಿ ಉಪ್ಪು ತೆಗೆದು ಮುಷ್ಟಿಯಲ್ಲಿ ಗಟ್ಟಿ ಹಿಡಿದು, ಮುಂದೆ ಬಂದು, ‘ನಂದೂ ಒಂಬತ್ತ್ ಬರಿ ಮಗಾ’ ಎಂದಳು. ಆಮೇಲೆ ಉಳಿದವರೂ ಸಾಲುಗಟ್ಟಿದರು. ಒಬ್ಬೊಬ್ಬರೂ ಉಪ್ಪು ಹಿಡಿದುಕೊಂಡು ಬಂದು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ತಮ್ಮ ಸುಖ ಒಪ್ಪಿಕೊಂಡರು. ಏಳು. ಆರು. ಎಂಟು. ಒಬ್ಬಳು ಮಾತ್ರ ನಾಲ್ಕು ಎಂದಳು, ಕಾರಣವನ್ನೂ ಹೇಳಿದಳು, ಅದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ನಾರಾಯಣ ಎರಡೂ ಕೈಯಲ್ಲಿ ಉಪ್ಪು ಹಿಡಿದು ಕೊನೆಯವನಾಗಿ ಬಂದು, ಮೇಡಂ ಅವರ ಕಿವಿಯಲ್ಲಿ ಹೇಳಿದ. ಅವನದೆಷ್ಟೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಬಂದದ್ದಕ್ಕೆ ಕೆಲಸದ ಗಂಟೆಯನ್ನೂ ಇನ್ನೊಮ್ಮೆ ನೋಡೋಣ ಎಂದು ಮೇಡಂ ಗಿರಿಜಳನ್ನು ಕೂರಿಸಿದರು. ನಾನು ತಡೆಯಲು ನೋಡಿದೆ, ಆಗಲಿಲ್ಲ. ಬೆಳಿಗ್ಗೆ ಎದ್ದಲ್ಲಿಂದ ಲೆಕ್ಕ ಹಾಕಿದರು. ಅಡುಗೆ, ನೀರು, ಮೀನು ಒಣಗಿಸುವುದು, ಬಸ್ಸು, ಮಾರ್ಕೆಟ್ಟು, ಮತ್ತೆ ಅಡುಗೆ. ದಿನಕ್ಕೆ ಹದಿಮೂರು ಗಂಟೆ. ಎರಡು ಗಂಟೆ ಎಂದು ಬರೆಸಿದವರು ಯಾರು ಎಂದು ಮೇಡಂ ಕೇಳಿದರು. ಕೇರಿಗೆ ಕೇರಿಯೇ ನನ್ನನ್ನು ನೋಡಿತು. ಹೋದ ವರ್ಷ ನನ್ನ ಕೆಲಸಕ್ಕೆ ಹುಡುಗಿ ಬರೆದ ಸೊನ್ನೆಯೇ ಸರಿಯಾಗಿತ್ತು.

ಹೊರಡುವಾಗ ಮೇಡಂ ಅಶ್ವಿನಿಯ ಬೆನ್ನು ತಟ್ಟಿದರು. ಹೇಳಿದ್ದನ್ನು ಹೇಳಿದಂತೆ ಬರೆದದ್ದು ಸರಿಯೇ, ಅದಕ್ಕೆ ಈ ಅಂಗಳವೇ ಸಾಕ್ಷಿ ಎಂದರು. ಏಣಿಯ ಪ್ರಶ್ನೆಯನ್ನು ಈ ಊರಿನಲ್ಲಿ ಹೇಗೆ ಕೇಳಬೇಕೆಂದು ನೀನೇ ಒಂದು ಟಿಪ್ಪಣಿ ಬರೆದು ಕೊಡು ಎಂದೂ ಹೇಳಿದರು. ಆ ಹುಡುಗಿ ಅತ್ತುಕೊಂಡೇ ನಕ್ಕಳು. ನನಗೂ ಕಣ್ಣು ತುಂಬಿತು. ಅದು ಒಲೆಯ ಹೊಗೆಯಿಂದ ಎಂದು ಕೇರಿಯವರಿಗೆ ಹೇಳಿದೆ.

ಆಮೇಲಿನ ಒಂದು ವಾರ ನಾನು ತೆಂಗಿನ ಮರದ ಕೆಳಗೆ ಹೋಗಲಿಲ್ಲ. ಬಾವಿಕಟ್ಟೆಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋದೆ. ಮಿಕ್ಸಿ ಹಾಕಿದಾಗ ಅಂಗಳದಲ್ಲಿ ನಿಂತೆ. ಏನೂ ಆಗಲಿಲ್ಲ! ಎಂಟನೇ ದಿನ ಅಶ್ವಿನಿಯ ಫೋನು ಬಂತು. ಕೆಲಸ ಖಾಯಂ ಆಯಿತಂತೆ. ಅವಳ ಅಮ್ಮ ಫೋನು ಕಸಿದುಕೊಂಡು ಏನೋ ಹೇಳಲು ಹೋಗಿ ಅತ್ತುಬಿಟ್ಟರು. ಎದೆಯ ಮೇಲಿದ್ದ ಭಾರ ಇಳಿದು, ಅಬ್ಬ, ಬದುಕಿದೆ ಎಂದು ಜಗಲಿಯಲ್ಲಿ ಕಾಲು ಚಾಚಿದೆ.

ಗಿರಿಜ ಮಳೆ ಬಿಟ್ಟ ಬಿಸಿಲಿಗೆ ಅಂಗಳದಲ್ಲಿ ಒಣಮೀನು ಹರವುತ್ತಿದ್ದಳು. ಅಷ್ಟು ಜನರ ಎದುರು ಒಂಬತ್ತು ಎಂದು ಕೂಗಿ ಹೇಳಿದೆ, ಆದರೂ ಈ ಸಲ ನನಗೆ ದೃಷ್ಟಿ ಯಾಕೆ ಆಗಲಿಲ್ಲ ಎಂದು ಕೇಳಿದೆ. ನನ್ನ ಒಳ್ಳೆಯತನಕ್ಕೆ ದೇವರು ಮೆಚ್ಚಿದ ಎನ್ನುತ್ತಾಳೆ ಎಂದು ಕಾದೆ.

ಅವಳು ತಲೆ ಎತ್ತದೆ ಹೇಳಿದಳು: “ದೃಷ್ಟಿ ಆಯ್ಕಾದ್ರೆ ಕಂಡವ್ರಿಗೆ ಹೊಟ್ಟಿಕಿಚ್ಚ್ ಆಯ್ಕ್. ನಿಮ್ಮನ್ ಕಂಡ್ ಯಾರಿಗ್ ಹೊಟ್ಟಿಕಿಚ್ಚ್ ಆತ್ತ್ ಮಾರಾಯ್ರೆ?”

ನಾನು ಚಾಚಿದ ಕಾಲನ್ನು ಮಡಚಿಕೊಂಡು, ಒಂಬತ್ತನ್ನು ಮನಸ್ಸಿನಲ್ಲೇ ಎಂಟೂವರೆಗೆ ಇಳಿಸಿ, ಮೀನು ಹರವಲು ಎದ್ದು ಹೋದೆ.